ಮೇಣ ಮುಗೀತು

'ಅಂಟಪ್ಪಾ' ಅಂತ ಯಾರಾದರೂ ಕೂಗಿದರೆ ಆ ಮನುಷ್ಯ ತಿರುಗಿ ನೋಡುತ್ತಾನೆ. ಅದೇ ಅವನ ದೊಡ್ಡ ಸಂಕಟ. ಇನ್ನು ಮೇಲೆ ತಿರುಗಲೇಬಾರದು ಅಂತ ಹತ್ತೊಂಬತ್ತು ವರ್ಷದಿಂದ ಪಟ್ಟು ಹಿಡಿದಿದ್ದಾನೆ, ಕತ್ತು ಮಾತು ಕೇಳಬೇಕಲ್ಲ. ಟೀ ಅಂಗಡಿಯವನು ಹಾಗೇ ಕೂಗುತ್ತಾನೆ, ಅಂಚೆಯವನು ಹಾಗೇ ಕೂಗುತ್ತಾನೆ. ಕಾಲು ಮುರಿದ ಕುರ್ಚಿ ಹೊತ್ತು ಬಂದ ಹೆಂಗಸರು 'ಅಂಟಪ್ಪನ ಅಂಗಡಿ ಯಾವುದಪ್ಪಾ' ಅಂತ ಅವನನ್ನೇ ಕೇಳುತ್ತಾರೆ. ಕುರ್ಚಿ ರಿಪೇರಿ ಮಾಡುವವನಿಗೆ ಒಳ್ಳೆಯ ಹೆಸರೇ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಹಳಬರಿಗೆ ಗೊತ್ತು ಅದು ಹೆಸರಲ್ಲ, ಬೈಗುಳ ಅಂತ.

ಬೈದವನು ಬೇರೆ ಯಾರೂ ಅಲ್ಲ, ಸ್ವಂತ ಅಕ್ಕನ ಗಂಡ, ರಸ್ತೆಯ ಆಚೆ ಬದಿಯ ಮೇಸ್ತ್ರಿ. ಬೇಟೆ ಕೋವಿಗಳಿಗೆ ಮರ ಕೂರಿಸುವುದು ಅವನ ಕೆಲಸ. ಕೆಲಸ ಅಂದರೆ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಕೋವಿಯ ಕಬ್ಬಿಣದ ಭಾಗಕ್ಕೆ ದೀಪದ ಮಸಿ ಬಳಿದು ಮರದ ಗುಂಡಿಯಲ್ಲಿ ಇಟ್ಟು ಎತ್ತುತ್ತಾನೆ. ಮರಕ್ಕೆ ಎಲ್ಲಿ ಕಪ್ಪು ಹತ್ತಿತೋ ಅಲ್ಲಿ ಕೂದಲೆಳೆಯಷ್ಟು ಕೆರೆಯುತ್ತಾನೆ. ಮತ್ತೆ ಮಸಿ, ಮತ್ತೆ ಕೆರೆತ. ಹೀಗೆ ಎರಡು ದಿನ, ಮೂರು ದಿನ. ಕಬ್ಬಿಣ ಮರದಲ್ಲಿ ಅಲುಗಾಡದೆ ಕೂತರೆ ಮಾತ್ರ ಗುಂಡು ಹೇಳಿದ ಕಡೆ ಹೋಗುತ್ತದೆ. ಇಲ್ಲದಿದ್ದರೆ ಎಂಥ ಕೋವಿಯಾದರೂ ದಂಡ. ಆದರೆ ಕೈಯಲ್ಲಿ ಎಷ್ಟು ಕಸುಬಿತ್ತೋ ನಾಲಿಗೆಯಲ್ಲಿ ಅಷ್ಟೇ ವಿಷ ಆ ಮೇಸ್ತ್ರಿಗೆ. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ತಾನು ಒಂದು ಸಲ ಹೇಳಿದ್ದನ್ನು ಇನ್ನೊಂದು ಸಲ ಹೇಳುವುದು ಅವಮಾನ ಅಂದುಕೊಂಡ ಜಾತಿ ಅವನದು.

ಅಂಟಪ್ಪ ಆಗ ಇಪ್ಪತ್ತಾರರವನು, ಭಾವನ ಕೈಕೆಳಗೆ ಆರು ವರ್ಷ ಪಳಗಿದ್ದ. ಕೆರೆದ ಗುಂಡಿಗೆ ಕೊನೆಯಲ್ಲಿ ಗಟ್ಟಿ ಅಂಟಿನ ಹಾಸಿಗೆ ಹಾಕಬೇಕು, ಅದರ ಮೇಲೆ ಕಬ್ಬಿಣವನ್ನು ಒತ್ತಿ ಒಂದು ದಿನ ಬಿಡಬೇಕು, ಆಮೇಲೆ ಬಿಡಿಸಬೇಕು. ಅಂಟು ಕಬ್ಬಿಣದ ಅಚ್ಚು ಹಿಡಿದುಕೊಳ್ಳುತ್ತದೆ, ಕಬ್ಬಿಣವನ್ನು ಹಿಡಿದುಕೊಳ್ಳಬಾರದು. ಅದಕ್ಕೇ ಮೊದಲು ಕಬ್ಬಿಣಕ್ಕೆ ಪೂರ್ತಿ ಮೇಣ ಹಚ್ಚುವುದು. ಒಂದು ಉಗುರಿನಗಲ ಮೇಣ ತಪ್ಪಿತೋ, ಕೋವಿ ಮತ್ತು ಮರ ಜನ್ಮಕ್ಕೆ ಒಂದಾದವು ಅಂತ ಲೆಕ್ಕ.

ಅಂಟು ಕಲಸಿದ ಮೇಲೆ ಕಾಲು ಗಂಟೆಯಲ್ಲಿ ಕಲ್ಲಾಗುತ್ತದೆ, ಹರಟೆಗೆ ಸಮಯವಿಲ್ಲ. ಅದಕ್ಕೆ ಮೇಸ್ತ್ರಿ ಒಂದು ಪದ್ಧತಿ ಮಾಡಿದ್ದ. ಮುಂದಿನ ಕೋಣೆಯಲ್ಲಿದ್ದವನು ಒಂದೊಂದು ಕೆಲಸ ಆದ ಹಾಗೆ ಕೂಗಬೇಕು: ಮಸಿ ಮುಗೀತು. ತಿರುಪಿನ ತೂತಿಗೆ ಜೇಡಿಮಣ್ಣು ತುಂಬಿ, ಮಣ್ಣು ಮುಗೀತು. ಕಡೆಗೆ, ಮೇಣ ಮುಗೀತು. ಅದು ಕಿವಿಗೆ ಬಿದ್ದ ಕೂಡಲೇ ಹಿಂದಿನ ಕೋಣೆಯಲ್ಲಿದ್ದವನು ಅಂಟು ಕಲಸಿ ತಂದು ಸುರಿಯಬೇಕು, ಪ್ರಶ್ನೆ ಕೇಳಬಾರದು. ಪ್ರಶ್ನೆ ಕೇಳಿದರೆ ಮೇಸ್ತ್ರಿ ಸುತ್ತಿಗೆಯನ್ನೇ ಎಸೆಯುತ್ತಿದ್ದ.

ಅವತ್ತು ಮುಂದಿನ ಕೋಣೆಯಲ್ಲಿ ಇದ್ದದ್ದು ಮೇಸ್ತ್ರಿ. 'ಮೇಣ ಮುಗೀತು' ಅಂತ ಕೂಗಿದ. ಅಂಟಪ್ಪ ಕಲಸಿ ತಂದ. ಭಾವ ಅಲ್ಲಿರಲಿಲ್ಲ. ಬಾಗಿಲು ತೆರೆದಿತ್ತು, ಎಲ್ಲೋ ಹೊರಗೆ ಹೋದಂತಿತ್ತು. ಕಬ್ಬಿಣ ಮೇಲುಗಡೆಯೆಲ್ಲ ಮೇಣದಿಂದ ಮಿರಮಿರ ಮಿಂಚುತ್ತಿತ್ತು. ಸುರಿದ, ಒತ್ತಿದ, ತಿರುಪು ಬಿಗಿದ. ಹತ್ತು ನಿಮಿಷಕ್ಕೆ ಭಾವ ಬಂದು, ಬಿಗಿದ ಕೋವಿ ನೋಡಿ, ಒಂದೇ ಏಟು ಕೆನ್ನೆಗೆ ಬಿಟ್ಟ.

"ನಾನು ಹೇಳಿರಲಿಲ್ವೇನೋ?"

"ಹೇಳಿದ್ರಿ."

ಅಷ್ಟೇ ಮಾತು. ಮರುದಿನ ಕೋವಿ ಬಿಡಲಿಲ್ಲ. ಮೇಸ್ತ್ರಿ ಗರಗಸ ಹಿಡಿದು ಚೆಂದದ ಮರವನ್ನು ಎರಡಾಗಿ ಸೀಳಿದ. ಟೀ ಅಂಗಡಿಯಲ್ಲಿ ಹತ್ತು ಜನರ ಮುಂದೆ ಬಾಮೈದನನ್ನು ತೋರಿಸಿ, "ನೋಡ್ರಪ್ಪಾ, ಇವನೇ ನಮ್ಮ ಅಂಟಪ್ಪ, ಮೇಣ ಇಲ್ಲದೆ ಕೋವಿ ಕೂರಿಸ್ತಾನೆ" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ನಗು ಬೀದಿ ದಾಟಿತು, ಬೇಟೆಗಾರರ ಬಾಯಿಗೆ ಬಿತ್ತು. ಮುಂದೆ ಯಾರೂ ಅವನ ಕೈಗೆ ಕೋವಿ ಕೊಡಲಿಲ್ಲ. ಭಾವ ತಾನೇ ಅರ್ಧಂಬರ್ಧ ಮೇಣ ಹಚ್ಚಿ, ಮುಗೀತು ಅಂತ ಸುಳ್ಳು ಹೇಳಿ, ತಪ್ಪನ್ನು ತನ್ನ ತಲೆಗೆ ಕಟ್ಟಿದ. ಅಂಟಪ್ಪ ನಂಬಿದ್ದು ಅದನ್ನು. ಆ ನಂಬಿಕೆಯನ್ನು ಕಟ್ಟಿಕೊಂಡೇ ಎದುರಿಗೆ ಕುರ್ಚಿ ಅಂಗಡಿ ತೆರೆದ. ಅಷ್ಟು ವರ್ಷ ಬೆಳಗಾದರೆ ಭಾವನ ಮುಖ ನೋಡುವುದು, ನೆಲಕ್ಕೆ ಉಗಿಯುವುದು, ಕೆಲಸಕ್ಕೆ ಕೂರುವುದು. ಅಕ್ಕ ಮಾತ್ರ ಎರಡೂ ಕಡೆ ಓಡಾಡುತ್ತಿದ್ದಳು, ಎರಡೂ ಕಡೆ ಬೈಸಿಕೊಳ್ಳುತ್ತಿದ್ದಳು.

ದ್ವೇಷಕ್ಕೆ ಒಂದು ಗುಣವಿದೆ, ಸುಮ್ಮನೆ ಕೂರಲು ಬಿಡುವುದಿಲ್ಲ. ಸೀಳಿದ ಆ ಮರದ ಎರಡು ಹೋಳನ್ನು ಅಂಟಪ್ಪ ಕಸದಿಂದ ಹೆಕ್ಕಿ ತಂದು ತನ್ನ ಗೋಡೆಗೆ ನೇತುಹಾಕಿದ್ದ. ಗರಗಸ ಬೇಕಿರಲಿಲ್ಲ, ಬಿಡಿಸಬಹುದಿತ್ತು ಅಂತ ಅವನಿಗೆ ಅನ್ನಿಸುತ್ತಲೇ ಇತ್ತು. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಹಳೆಯ ನೀರಿನ ಪೈಪಿನ ತುಂಡನ್ನು ಮರದ ತುಂಡಿಗೆ ಬೇಕೆಂದೇ ಮೇಣವಿಲ್ಲದೆ ಅಂಟಿಸುವನು, ಬಿಡಿಸಲು ಒದ್ದಾಡುವನು. ಬಿಸಿನೀರಿಗೆ ಹಾಕಿದರೆ ಮರ ಸೀಳಿತು. ಬೆಂಕಿಗೆ ಹಿಡಿದರೆ ಮರ ಸುಟ್ಟಿತು. ಕಡೆಗೆ ಚಳಿ ಸರಿಹೋಯಿತು. ಕಬ್ಬಿಣ ಚೆನ್ನಾಗಿ ತಣ್ಣಗಾದರೆ ಕುಗ್ಗುತ್ತದೆ, ಕುಗ್ಗಿದಾಗ ಸರಿಯಾದ ಜಾಗಕ್ಕೆ ಮರದ ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಟಪ್ ಅಂತ ಬಿಡುತ್ತದೆ. ಎದುರು ಬೀದಿಯ ಐಸ್‌ಕ್ರೀಮ್ ಅಂಗಡಿಯ ಪೆಟ್ಟಿಗೆಯಲ್ಲಿ ಐಸ್‌ಕ್ರೀಮಿನ ಕೆಳಗೆ ಅವನ ಪೈಪುಗಳು ಮಲಗಿರುತ್ತಿದ್ದವು. 'ಹುಚ್ಚು ಹಿಡಿದಿದೆ ಅಂಟಪ್ಪನಿಗೆ' ಅಂತ ಅಂಗಡಿಯವನು ನಗುತ್ತಿದ್ದ. ಇಷ್ಟೆಲ್ಲ ಯಾಕೆ ಅಂದರೆ, ಭಾವ ಮೂರ್ಖ ಅಂತ ತನಗಾದರೂ ಗೊತ್ತಿರಲಿ, ಅಷ್ಟೇ.

ಒಂದು ಬೆಳಿಗ್ಗೆ ಅಕ್ಕ ಬಂದಳು. ಅವಳ ಹಿಂದೆ, ಬೆಡ್‌ಶೀಟಿನಲ್ಲಿ ಉದ್ದನೆಯದೇನೋ ಸುತ್ತಿಕೊಂಡು, ಭಾವ. ಹೊಸ್ತಿಲ ಆಚೆಯೇ ನಿಂತ. ಅಂಟಪ್ಪ ಅಕ್ಕನಿಗೆ ಸ್ಟೂಲು ಎಳೆದು ಕೊಟ್ಟ, ಭಾವನ ಕಡೆ ನೋಡಲೂ ಇಲ್ಲ. ಅಂಗಡಿಯಲ್ಲಿ ಆವತ್ತು ರಿಪೇರಿಯಾದ ಕುರ್ಚಿಗಳು ಒಂಬತ್ತಿದ್ದವು, ಒಂದರ ಮೇಲೂ ಕೂರು ಅನ್ನಲಿಲ್ಲ.

ಅಕ್ಕ ಹೇಳಿದ ಕಥೆ ಇದು. ಕೋವಿ ಹಲ್ಲಿನ ಡಾಕ್ಟರದ್ದು. ಮೊದಲ ಗುಂಡು ಸರಿಯಾಗಿ ಹೋಗುತ್ತದೆ, ನಳಿಗೆ ಬಿಸಿಯಾದ ಹಾಗೆ ಮೂರನೆಯದು ಒಂದು ಗೇಣು ಎಡಕ್ಕೆ. ಹಾಗಾಗಿ ಒಂದು ಕಾಡುಹಂದಿ ಹೊಟ್ಟೆಗೆ ಏಟು ತಿಂದು ಓಡಿತ್ತು. ಡಾಕ್ಟರು ಅದರ ನರಳಾಟ ಮುಗಿಸಲು ಎರಡು ದಿನ ಪೊದೆಪೊದೆ ಹುಡುಕಿ, ಇದು ಸರಿಹೋಗದಿದ್ದರೆ ಇನ್ನು ಕೋವಿಯನ್ನೇ ಮುಟ್ಟುವುದಿಲ್ಲ ಅಂದಿದ್ದರು. ಮರ ಅವರ ತಾತ ಕಡೆಸಿದ್ದು, ಹಳೆಯ ಅಕ್ರೋಟ್ ಮರ. ಅಂಥದ್ದು ಇನ್ನೊಂದು ಹುಟ್ಟುವುದಿಲ್ಲ. ಮೇಸ್ತ್ರಿಯ ಮಣಿಕಟ್ಟು ಈಗ ನೋಯುತ್ತದೆ, ಮುಂದಿನ ಕೋಣೆಯ ಕೆಲಸ ಅಕ್ಕನದೇ. ನಿನ್ನೆ ಮೇಣ ಹಚ್ಚುವಾಗ ನಳಿಗೆಯ ಬುಡದಲ್ಲಿ, ಕೆಳಗೆ ಚಾಚಿರುವ ಕಬ್ಬಿಣದ ಹಲ್ಲಿನ ಹತ್ತಿರ ಬರುವಷ್ಟರಲ್ಲಿ ಡಬ್ಬಿ ಖಾಲಿ. ಮೇಣದಬತ್ತಿ ಇದೆಯೇನೋ ನೋಡೋಣ ಅಂತ ಅಡುಗೆಮನೆಗೆ ಹೋಗುತ್ತಾ ಗಂಡನಿಗೆ ಒಂದು ಮಾತು ಕೂಗಿ ಹೋದಳು. ಬಂದು ನೋಡಿದರೆ ಅಂಟು ಸುರಿದಾಗಿತ್ತು, ತಿರುಪು ಬಿಗಿದಾಗಿತ್ತು.

"ಏನಂತ ಕೂಗಿದೆ?" ಅಂಟಪ್ಪನ ಕೈಯಲ್ಲಿದ್ದ ಉಳಿ ಹಾಗೇ ನಿಂತಿತು.

"ಮೇಣ ಮುಗೀತು ಅಂದೆ. ಮುಗಿದಿತ್ತಲ್ಲೋ."

ಅಂಟಪ್ಪ ಮೊದಲ ಬಾರಿಗೆ ಹೊಸ್ತಿಲ ಕಡೆ ತಿರುಗಿದ.

"ಭಾವ, ನಿಮಗೇನು ಕೇಳಿಸ್ತು?"

ಮೇಸ್ತ್ರಿ ಮುಖ ಸಿಂಡರಿಸಿದ. ಇದೆಲ್ಲ ಈಗ ಯಾಕೆ, ಬಿಡಿಸಲು ಬರುತ್ತದೋ ಇಲ್ಲವೋ ಅಷ್ಟು ಹೇಳು ಅಂದ. ಅಂಟಪ್ಪ ಮತ್ತೆ ಅದನ್ನೇ ಕೇಳಿದ.

"ಹಚ್ಚಿ ಮುಗೀತು ಅಂತ ಕೇಳಿಸ್ತು. ಇನ್ನೇನು ಕೇಳಿಸಬೇಕು?"

"ನನಗೂ ಅವತ್ತು ಅದೇ ಕೇಳಿಸ್ತು."

ಅಕ್ಕ ಇಬ್ಬರ ಮುಖವನ್ನೂ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಮೇಸ್ತ್ರಿ ತಡವರಿಸುತ್ತಾ ಹೇಳಿದ: ಅವತ್ತು ಡಬ್ಬಿ ಖಾಲಿಯಾಗಿತ್ತು, ಅದನ್ನೇ ಕೂಗಿ ಹೊಸ ಡಬ್ಬಿ ತರಲು ಮೂಲೆಯಂಗಡಿಗೆ ಹೋಗಿದ್ದೆ, ಬಂದಾಗ ಡಬ್ಬಿ ಜೇಬಿನಲ್ಲೇ ಇತ್ತು. 'ಹೇಳಿರಲಿಲ್ವಾ' ಅಂದರೆ ನೀನು 'ಹೇಳಿದ್ರಿ' ಅಂದೆ, ಗೊತ್ತಿದ್ದೂ ಮಾಡಿದ ಕತ್ತೆ ಅಂದುಕೊಂಡೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಥೂ, ಸುಳ್ಳು ಹೇಳಿದ್ದರೆ ಎಷ್ಟೋ ವಾಸಿಯಿತ್ತು. ಹಗೆ ಸಾಧಿಸಿದ್ದಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು.

ಅಂಟಪ್ಪನ ಹಳೆಯ ಸಿಟ್ಟು ತಣ್ಣಗಾಗಲಿಲ್ಲ, ಇನ್ನೂ ಹೆಚ್ಚಾಯಿತು. ಒಂದು ಪ್ರಶ್ನೆ ಕೇಳುವ ಸ್ವಾತಂತ್ರ್ಯ ಕೊಟ್ಟಿದ್ದರೆ ಸಾಕಿತ್ತಲ್ಲ ಈ ಮನುಷ್ಯ! ಬಿಡಿಸಿಕೊಡುತ್ತೇನೆ, ಮರಕ್ಕೆ ಗೀರು ಬೀಳುವುದಿಲ್ಲ ಅಂದ. ಆದರೆ ಎಲ್ಲಿ ಹೆಸರಿಟ್ಟಿರೋ ಅದೇ ಟೀ ಅಂಗಡಿಯಲ್ಲಿ, ಜನರ ಮುಂದೆ, ತಪ್ಪು ಯಾರದು ಅಂತ ಹೇಳಬೇಕು. ಆ ಹೆಸರು ನನಗೆ ಬೇಡ, ವಾಪಸ್ ತಗೊಳ್ಳಬೇಕು. ಮೇಸ್ತ್ರಿ, ನನ್ನ ಮಾತಿನಲ್ಲಿ ತಪ್ಪೇನಿತ್ತು, ಮುಗಿದದ್ದನ್ನು ಮುಗೀತು ಅಂದೆ ಅಂತ ವಾದಕ್ಕೆ ನಿಂತ. ಅಂಟಪ್ಪ ಗೋಡೆಯ ಮೇಲಿನ ಸೀಳಿದ ಮರ ತೋರಿಸಿದ. "ಹಾಗಾದ್ರೆ ಮನೆಗೆ ಹೋಗಿ. ಗರಗಸ ಇದೆಯಲ್ಲ." ಅಕ್ಕ ಎದ್ದು, ಗಂಡನ ಕೈಯಿಂದ ಬೆಡ್‌ಶೀಟಿನ ಗಂಟು ಕಿತ್ತು, ತಮ್ಮನ ಮೇಜಿನ ಮೇಲಿಟ್ಟಳು. ಇವರು ಹೇಳುತ್ತಾರೆ, ಹೇಳದಿದ್ದರೆ ನಾನು ಹೇಳುತ್ತೇನೆ ಅಂದಳು.

ಕೋವಿ ಐಸ್‌ಕ್ರೀಮ್ ಪೆಟ್ಟಿಗೆಗೆ ಹೋಯಿತು. ಲೈಸೆನ್ಸ್ ಕಾಗದ ಮಡಿಲಲ್ಲಿಟ್ಟುಕೊಂಡು ಅಕ್ಕ ಪೆಟ್ಟಿಗೆಯ ಪಕ್ಕ ಕೂತಳು. ವಿಷಯ ಕೇಳಿ ಓಡಿ ಬಂದ ಡಾಕ್ಟರು, ಊರವರ ಹಲ್ಲೆಲ್ಲ ಕಿತ್ತ ನನಗೆ ನನ್ನ ಕೋವಿಯ ಒಂದು ಹಲ್ಲು ಕೀಳಲು ಐಸ್‌ಕ್ರೀಮ್ ಬೇಕಾಯಿತಲ್ಲ ಅಂತ ನಗಲು ನೋಡಿದರು, ನಗು ಬರಲಿಲ್ಲ. ಸಂಜೆ ನಾಲ್ಕಕ್ಕೆ ಅಂಟಪ್ಪ ಕೋವಿಯನ್ನು ತೆಗೆದು, ಮಂಜು ಒರೆಸಿ, ಹಳೆಯ ಕಂಬಳಿಯ ಮೇಲೆ ಮಲಗಿಸಿ ತಿರುಪು ಬಿಚ್ಚಿದ. ಮರದ ಸುತ್ತಿಗೆಯಿಂದ ನಳಿಗೆಯ ಬುಡಕ್ಕೆ ಒಂದು ಏಟು. ಏನೂ ಆಗಲಿಲ್ಲ. ಮೇಸ್ತ್ರಿ ಹಿಂದಿನಿಂದ ಗಂಟಲು ಸರಿಮಾಡಿಕೊಂಡ. ಅಂಟಪ್ಪ ಸುತ್ತಿಗೆಯನ್ನು ಇನ್ನೊಮ್ಮೆ ಎತ್ತಿದ. ಇಷ್ಟು ವರ್ಷದ ಪೈಪೆಲ್ಲ ಬಿಟ್ಟು ಇದೊಂದು ಬಿಡದಿದ್ದರೆ ಈ ಹೆಸರು ಹೆಣದ ಜೊತೆಗೂ ಬರುತ್ತದೆ. ಅರ್ಧ ಅಂಗುಲ ಮುಂದಕ್ಕೆ ಸರಿದು ಎರಡನೆಯ ಏಟು ಕೊಟ್ಟ. ಟಪ್ ಅಂದಿತು. ಕಬ್ಬಿಣ ಎದ್ದು ಬಂತು, ಕೆಳಗೆ ಅಂಟಿನ ಹಾಸಿಗೆ ಒಂದು ಬಿರುಕೂ ಇಲ್ಲದೆ ಕೂತಿತ್ತು.

ಉಳಿದ ಕೆಲಸವನ್ನೂ ಅವನೇ ಮಾಡಿದ. ಭಾವ ಕೈ ಚಾಚಿದಾಗ ಅಡ್ಡ ನಿಂತ. ಬುಡ ಬಿಗಿಯಾಗಿ ಕೂರಬೇಕು, ಆದರೆ ಬಿಸಿಯಾದ ನಳಿಗೆ ಮರಕ್ಕೆ ಒತ್ತಿದರೆ ಗುಂಡು ದಾರಿ ತಪ್ಪುತ್ತದೆ. ನಳಿಗೆ ಮರಕ್ಕೆ ತಾಗುವ ಕಡೆ ಮಸಿ ಹಿಡಿದು ಕೆರೆದ, ನಳಿಗೆಯ ಕೆಳಗೆ ಈ ತುದಿಯಿಂದ ಆ ತುದಿಗೆ ಒಂದು ಹಾಳೆ ತಡೆಯಿಲ್ಲದೆ ಹಾಯುವವರೆಗೂ ಕೆರೆದ. ಮರುದಿನ ಊರಾಚೆಯ ಕಲ್ಲು ಕ್ವಾರಿಯಲ್ಲಿ ಡಾಕ್ಟರು ಒಂದು ಹಲಗೆ ನಿಲ್ಲಿಸಿ ಐದು ಗುಂಡು ಹಾರಿಸಿದರು. ಐದು ತೂತನ್ನೂ ಒಂದು ಟೀ ಲೋಟದ ತಳ ಮುಚ್ಚುವಂತಿತ್ತು. ಮೇಸ್ತ್ರಿ ಆ ಹಲಗೆಯನ್ನು ಬಹಳ ಹೊತ್ತು ನೋಡಿದ. ಹೊಗಳಲಿಲ್ಲ, ಅವನಿಗೆ ಬರುವುದಿಲ್ಲ.

ಕ್ವಾರಿಯಿಂದ ನೇರ ಟೀ ಅಂಗಡಿಗೆ ಬಂದರು. ಎಂಟು ಹತ್ತು ಜನರಿದ್ದರು, ಅರ್ಧ ಜನ ಹಳಬರೇ. ಮೇಸ್ತ್ರಿ ನಿಂತೇ ಇದ್ದ, ಲೋಟ ಮುಟ್ಟಲಿಲ್ಲ. ಹಣೆಯ ಬೆವರು ಒರೆಸಿಕೊಂಡು ಎಲ್ಲರೂ ಕೇಳಲಿ ಅಂತ ದನಿ ಎತ್ತಿದ.

"ಡಾಕ್ಟರ ಕೋವಿ ನನ್ನ ಕೈಯಲ್ಲೇ ಅಂಟಿತ್ತು. ಹತ್ತೊಂಬತ್ತು ವರ್ಷದ ಹಿಂದಿನ ಕೋವಿ ಅಂಟಿದ್ದೂ ನನ್ನ ಮಾತಿಂದ. ತಪ್ಪು ನಂದು. ಅದರಲ್ಲಿ ಅಂಟಪ್ಪಂದು ಏನೂ ತಪ್ಪಿಲ್ಲ."

ಯಾರಿಗೂ ಏನೂ ಅನ್ನಿಸಲಿಲ್ಲ. ಡಾಕ್ಟರು ತಲೆದೂಗಿದರು. ಟೀ ಅಂಗಡಿಯವನು "ಭೇಷ್ ಅಂಟಪ್ಪಾ" ಅಂತ ಪೂರ್ತಿ ತುಂಬಿದ ಲೋಟ ತಂದಿಟ್ಟ. ಅಕ್ಕ ಮಾತ್ರ ಗಂಡನ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡಳು. ಮೇಸ್ತ್ರಿಗೆ ತಾನು ಯಾವ ಹೆಸರು ಹೇಳಿದೆ ಅನ್ನುವುದೂ ಗೊತ್ತಾಗಿರಲಿಲ್ಲ. ಹೊರೆ ಇಳಿಸಿದವನ ಹಾಗೆ ಉಸಿರು ಬಿಟ್ಟು, ನಾಳೆಯಿಂದ ಬಾ, ಹಿಂದಿನ ಕೋಣೆ ಖಾಲಿ ಮಾಡಿಸುತ್ತೇನೆ ಅಂದ. ಸಾಕಾಯಿತಾ ಅಂತಲೂ ಕೇಳಿದ.

ಅಂಟಪ್ಪ ಟೀಯನ್ನು ಕೊನೆಯ ಗುಟುಕಿನವರೆಗೂ ಕುಡಿದು, ಲೋಟ ಕೆಳಗಿಟ್ಟ.

"ಮುಗೀತು, ಭಾವ."

ಮೇಸ್ತ್ರಿ ಖುಷಿಯಿಂದಲೇ ಮನೆಗೆ ಹೋದ. ಮರುದಿನ ಬೆಳಿಗ್ಗೆ ಹಿಂದಿನ ಕೋಣೆ ಗುಡಿಸಿ, ಸ್ಟೂಲು ಒರೆಸಿಟ್ಟು, ಮಧ್ಯಾಹ್ನದವರೆಗೂ ಬಾಗಿಲು ನೋಡುತ್ತಾ ಕೂತಿದ್ದ. ಎದುರುಗಡೆ ಅಂಟಪ್ಪ ಎಂದಿನಂತೆ ಅಂಗಡಿ ತೆಗೆದು, ಗೋಡೆಯ ಮೇಲಿನ ಸೀಳಿದ ಮರ ಇಳಿಸಿ, ಅದರಲ್ಲಿ ಒಂದು ಕುರ್ಚಿಯ ಕಾಲು ಕೆತ್ತುತ್ತಿದ್ದ. ರಸ್ತೆಯ ಆಚೆ ಕಡೆಗೆ ಅವತ್ತು ಒಂದು ಸಲವೂ ನೋಡಲಿಲ್ಲ, ನೆಲಕ್ಕೆ ಉಗಿಯಲೂ ಇಲ್ಲ.