ಹಗ್ಗದ ಮೇಲ್ತುದಿ

ಕಟ್ಟಡಗಳ ನೆಲದಡಿಯ ನೀರಿನ ತೊಟ್ಟಿಗೆ ಇಳಿದು ಕೆಸರು ಬಳಿಯುವುದು ಗಂಡನ ಕೆಲಸ. ಅವನ ಸೊಂಟಕ್ಕೆ ಬಿಗಿದ ಹಗ್ಗದ ಇನ್ನೊಂದು ತುದಿಯನ್ನು ಹಿಡಿದು ತೊಟ್ಟಿಯ ಬಾಯಿಯ ಬಳಿ ಕೂರುವುದು ಅವಳ ಕೆಲಸ. ಕಾವಲುಗಾರರು ಅವಳನ್ನು ಹಗ್ಗದಮ್ಮ ಎನ್ನುತ್ತಿದ್ದರು. ನೋಡುವವರಿಗೆ ಅದು ಕೂತು ತಿನ್ನುವ ಕೆಲಸ. ಇಪ್ಪತ್ತೊಂದು ವರ್ಷ ಹಾಗೆ ಕೂತು ಅವಳ ಸೊಂಟ ಸವೆದಿತ್ತು.

ಒಳಗಿನಿಂದ ಕೂಗಿದರೆ ಮಾತು ನಾಲ್ಕು ಗೋಡೆಗೂ ಬಡಿದು ಬರೀ ಗದ್ದಲವಾಗಿ ಹೊರಬರುತ್ತದೆ. ಆದ್ದರಿಂದ ಮಾತೆಲ್ಲ ಹಗ್ಗದ್ದೇ. ಎರಡು ಸಲ ಜಗ್ಗಿದರೆ ಬಕೆಟ್ ತುಂಬಿದೆ. ಮೂರು ಸಲವಾದರೆ ನನ್ನನ್ನು ಎಳೆ. ಆದರೆ ಕೆಟ್ಟ ಗಾಳಿ ಕುಡಿದು ಬಿದ್ದವನಿಗೆ ಮೂರು ಸಲ ಜಗ್ಗುವ ತ್ರಾಣ ಎಲ್ಲಿರುತ್ತದೆ? ಅದಕ್ಕೆ ಇನ್ನೊಂದು ಕಟ್ಟಳೆ ಇತ್ತು: ಮೇಲಿರುವವಳು ನೂರು ಎಣಿಸುವುದರೊಳಗೆ ಕೆಳಗಿರುವವನು ಒಮ್ಮೆಯಾದರೂ ಜಗ್ಗಬೇಕು. ಜಗ್ಗದಿದ್ದರೆ ಏನು, ಎತ್ತ ಎಂದು ಕೇಳದೆ ಎಳೆದುಬಿಡಬೇಕು. ಸುಮ್ಮನಿರುವುದೇ ಕೂಗು.

ನಾಲ್ಕು ತಿಂಗಳಿಂದ ಅವಳ ಎರಡೂ ಅಂಗೈಗಳಲ್ಲಿ ಸ್ಪರ್ಶ ಸತ್ತಿತ್ತು. ಹಿಡಿತ ಇತ್ತು, ಎಳೆಯುವ ಬಲ ಇತ್ತು. ಹಗ್ಗ ಏನು ಹೇಳುತ್ತಿದೆ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಕಣ್ಣಿನಿಂದಲೇ ತಿಳಿಯಲು ನೋಡಿದಳು. ಅವನು ಅತ್ತಿತ್ತ ಹೆಜ್ಜೆ ಇಟ್ಟರೂ ಹಗ್ಗ ಅಲುಗುತ್ತಿತ್ತು. ಜಗ್ಗಿದ್ದು ಯಾವುದು, ನಡೆದದ್ದು ಯಾವುದು ಎಂದು ಕಣ್ಣಿಗೆ ಗೊತ್ತಾಗಲಿಲ್ಲ. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಮನೆಯಲ್ಲಿ ಕೂರು ಎನ್ನುತ್ತಾನೆ, ಹಗ್ಗವನ್ನು ಯಾರೋ ಗುರುತಿಲ್ಲದವನ ಕೈಗೆ ಕೊಡುತ್ತಾನೆ. ಅನುಮಾನ ಬಂದಾಗಲೆಲ್ಲ ಎಳೆದಳು.

ಆ ದಿನ ಹನ್ನೊಂದು ಗಂಟೆಯೊಳಗೆ ಎರಡು ಸಲ ಎಳೆದಿದ್ದಳು. ತೊಟ್ಟಿಯ ಬಾಯಿಯ ಮೇಲೆ ಹಗ್ಗಕ್ಕೆಂದು ಕಟ್ಟಿದ್ದ ರಾಟೆ ಕಿರುಗುಟ್ಟಿತು, ಗಂಡ ಕೆಸರು ಮೆತ್ತಿಕೊಂಡು ಮೇಲೆ ಬಂದ, ಬೈದು ಮತ್ತೆ ಇಳಿದ.

"ಏನು ಹಗ್ಗದಮ್ಮ, ಮೀನು ಹಿಡೀತಿದ್ದೀರಾ?" ಎಂದ ಕಾವಲುಗಾರ.

"ಹೂಂ. ಒಂದೇ ಮೀನು, ಪದೇ ಪದೇ ಸಿಕ್ತಿದೆ."

ಮೂರನೆಯ ಸಲ ಅವಳು ಎಣಿಸುತ್ತಾ ಎಂಬತ್ತಕ್ಕೆ ಬಂದಳು. ತೊಂಬತ್ತು. ನೂರು. ಹಗ್ಗ ಅಲುಗಿತೋ, ತನ್ನ ಕೈಯೇ ನಡುಗಿತೋ? ಈಗ ಎಳೆದರೆ ಅವನು ಸುಮ್ಮನೆ ಬಿಡುವವನಲ್ಲ. ಎಳೆಯದಿದ್ದರೆ, ಅವನು ಕೆಳಗೆ ಮೊಣಕಾಲುದ್ದದ ನೀರಿನಲ್ಲಿ ಮುಖ ಅಡಿಯಾಗಿ ಬಿದ್ದಿರಬಹುದು. ಆ ಯೋಚನೆಯಲ್ಲಿ ಹತ್ತು ಎಣಿಕೆ ಕಳೆಯಿತು. ಹತ್ತು ಹೆಚ್ಚಾಗಿ ಹೋಯಿತಲ್ಲ ಎಂದು ದಡಕ್ಕನೆ ಎದ್ದಳು. ಕಾವಲುಗಾರನನ್ನೂ ಕೂಗಿ ಕರೆದು ಎಳೆದಳು.

ಮೇಲೆ ಬಂದವನಿಗೆ ಉಸಿರಿಗೇನೂ ಕೊರತೆಯಿರಲಿಲ್ಲ. "ಲೇ, ನಿನಗೆ ನಿದ್ದೆಯೋ, ಹುಚ್ಚೋ? ಎರಡು ಸಲ ಜಗ್ಗಿದ್ದೀನಿ! ನಾನು ಇಳಿಯೋದು, ನೀನು ಎಳೆಯೋದು. ಎತ್ತು ಏರಿಗೆ, ಕೋಣ ನೀರಿಗೆ!"

"ನೀರಿಗೆ ಇಳಿದದ್ದು ನೀವೇ ಅಲ್ವಾ ಯಜಮಾನ್ರೇ?" ಎಂದ ಕಾವಲುಗಾರ.

ಅವಳು ನಗಲಿಲ್ಲ. "ನನ್ನ ಕೈಗೆ ಗೊತ್ತಾಗಲ್ಲ ರೀ."

"ಏನು ಗೊತ್ತಾಗಲ್ಲ?"

"ನೀವು ಜಗ್ಗೋದು. ನಾಲ್ಕು ತಿಂಗಳಾಯ್ತು."

ಅವನು ಅವಳ ಕೈ ಹಿಡಿದು, ಉಗುರಿನಿಂದ ಅಂಗೈಯನ್ನು ಒತ್ತಿದ. ಅವಳು ಬೇರೆ ಕಡೆ ನೋಡುತ್ತಿದ್ದಳು, ತಿರುಗಲಿಲ್ಲ.

"ನಾಲ್ಕು ತಿಂಗಳು ನನ್ನ ಜೀವ ಈ ಕೊರಡಿಗೆ ಕಟ್ಟಿದ್ಯಾ?"

"ಎಳೆದೆನಲ್ಲ. ನೀವು ಬೈದ್ರಿ, ನಾನು ಎಳೆದೆ. ಇವತ್ತು ಮಾತ್ರ ಬೈಗುಳಕ್ಕೆ ಹೆದರಿ ಹತ್ತು ಎಣಿಸೋವಷ್ಟು ಸುಮ್ಮನಿದ್ದೆ. ಅದಕ್ಕೇ ಹೇಳ್ತಿದ್ದೀನಿ. ನಾಳೆ ಇಪ್ಪತ್ತಾಗುತ್ತೆ."

ಗಂಡ ತೊಟ್ಟಿಯ ಅಂಚಿನಲ್ಲಿ ಕೂತ. ಅರ್ಧ ಕೆಸರು ಇನ್ನೂ ಕೆಳಗಿತ್ತು. ಸಂಜೆ ನೀರು ಬಿಡುತ್ತಾರೆ. ಕಾವಲುಗಾರ ಗೇಟಿಗೆ ಹೋಗಬೇಕೆಂದು ನೆಪ ಹೇಳಿ ಜಾರಿಕೊಂಡ.

"ಬಿಚ್ಚಿ," ಎಂದಳು ಅವಳು. "ನಿಮ್ಮ ಕೈಗೆ ಗೊತ್ತಾಗುತ್ತಲ್ಲ. ನಾನು ಇಳೀತೀನಿ. ಸಲಿಕೆ ಹಿಡಿಯೋಕೆ ಈ ಕೈ ಸಾಕು."

ಅವನು ಬೇಡವೆಂದ, ಕೆಳಗೆ ಉಳಿದ ಕೆಸರನ್ನು ಬಗ್ಗಿ ನೋಡಿದ. ಕೊನೆಗೆ ಅವಳ ಸೊಂಟಕ್ಕೆ ಹಗ್ಗ ಕಟ್ಟಿದ. ಗಂಟನ್ನು ಮೂರು ಸಲ ಬಿಚ್ಚಿ ಕಟ್ಟಿದ.

ಅಷ್ಟು ವರ್ಷ ಮೇಲಿನಿಂದ ನೋಡಿದ್ದ ಕತ್ತಲೆಯಲ್ಲಿ ಅವಳು ಮೊದಲ ಸಲ ನಿಂತಳು. ನೀರು ತಣ್ಣಗಿತ್ತು. ಸಲಿಕೆ ಎತ್ತಿಕೊಂಡು ಬಗ್ಗಲು ಹೋದರೆ ಆಗಲಿಲ್ಲ. ಹಗ್ಗ ತಂತಿಯಂತೆ ಬಿಗಿದಿತ್ತು. ತೊಟ್ಟಿಯ ಬಾಯಿಯ ನೇರ ಕೆಳಗೆ ಬಂದು ತಲೆಯೆತ್ತಿದಳು. ಅಲ್ಲಿ ನಿಂತರೆ ಮಾತ್ರ ಮಾತು ತಿಳಿಯುತ್ತದೆ.

"ಹಗ್ಗ ಸಡಿಲ ಬಿಡ್ರೀ. ಬಗ್ಗೋಕಾಗ್ತಿಲ್ಲ."

"ಬಿಟ್ಟಿದ್ದೀನಿ!"

"ಬಿಟ್ಟಿಲ್ಲ."

ಅವನು ಒಂದು ಗೇಣು ಬಿಟ್ಟ. ಅವಳು ಒಂದು ಗೇಣು ಬಗ್ಗಿದಳು.