ಬಾರದ ಎಂಬತ್ತೈದು ಸೆಂಟ್

ನಮ್ಮ ಕಾಫಿ ಸೀಮೆಯಲ್ಲಿ ಮಳೆಯನ್ನು ಇಂಚು ಮತ್ತು ಸೆಂಟ್‌ಗಳಲ್ಲಿ ಅಳೆಯುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ಸುದ್ದಿಯಲ್ಲಿ ಮಿಲಿಮೀಟರ್ ಎಂದು ಬರೆದರೆ, ಅದನ್ನು ಸೆಂಟ್ ಮಾಡಿ ಹೇಳಿ ಎಂದು ಚಿಕ್ಕಮಗಳೂರಿನ ನಮ್ಮ ಪತ್ರಿಕೆಯ ಕಚೇರಿಗೆ ಫೋನ್ ಬರುತ್ತದೆ. ಎಸ್ಟೇಟಿನ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಪ್ರತಿದಿನ ಬೆಳಿಗ್ಗೆ ಮಳೆ ಮಾಪಕದ ನೀರನ್ನು ಅಳೆದು ಮಳೆ ಪುಸ್ತಕದಲ್ಲಿ ಬರೆಯುತ್ತಾನೆ. ಆಮೇಲೆ ಯಾರು ಯಾರಿಗೆ ಫೋನ್ ಮಾಡಿದರೂ ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ: ಇವತ್ತೆಷ್ಟು, ಇಲ್ಲಿವರೆಗೆ ಎಷ್ಟು?

ಆ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವ ಪುಟವನ್ನು ಪತ್ರಿಕೆಯ ವೆಬ್‌ಸೈಟಿನಲ್ಲಿ ಮಾಡಿದವನು ನಾನು. ನನ್ನ ಕೆಲಸ ಉಪಸಂಪಾದಕನದು. ಪ್ರೋಗ್ರಾಮಿಂಗನ್ನು ಪುಸ್ತಕ ನೋಡಿ ಕಲಿತವನು. ಮೂಡಿಗೆರೆ, ಕಳಸ, ಅತ್ತಿಗುಂಡಿ ಕಡೆಯ ಕೆಲವು ಎಸ್ಟೇಟುಗಳ ರೈಟರ್‌ಗಳು ತಮ್ಮ ಅಂಕಿಯನ್ನು ಮೊಬೈಲಿನಲ್ಲಿ ತುಂಬುತ್ತಿದ್ದರು. ಪುಟದಲ್ಲಿ ಆ ದಿನದ ಮಳೆ ಕಾಣುತ್ತಿತ್ತು. ಪಕ್ಕದ ಗುಂಡಿ ಒತ್ತಿದರೆ ಜನವರಿಯಿಂದ ಈಚಿನ ಒಟ್ಟು ಮಳೆಯೂ ಬರುತ್ತಿತ್ತು.

ಬೆಳಿಗ್ಗೆ ಎಲ್ಲರೂ ಒಟ್ಟಿಗೆ ನೋಡುವ ಹೊತ್ತಿನಲ್ಲಿ ಪುಟ ತೆವಳುತ್ತದೆ ಎಂಬ ದೂರು ಬಂತು. ಬೇರೆಯವರು ಬರೆದಿಟ್ಟ ಕೋಡನ್ನು ನಮ್ಮ ಕೆಲಸಕ್ಕೆ ಬಳಸಿಕೊಳ್ಳಲು ಸಿಗುವ ಸಂಗ್ರಹಕ್ಕೆ ಲೈಬ್ರರಿ ಎನ್ನುತ್ತಾರೆ. ಅಂಥದೊಂದು ಲೈಬ್ರರಿಯಲ್ಲಿ ಕ್ಯಾಶ್ ಎಂಬ ಸೌಲಭ್ಯವಿತ್ತು. ಮೊದಲ ಓದುಗ ಒಂದು ಮಾಪಕದ ವಿವರ ಕೇಳಿದಾಗ ಅದು ಡೇಟಾಬೇಸಿನಿಂದ ಆ ದಾಖಲೆಯನ್ನು ತಂದು ಕಂಪ್ಯೂಟರಿನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಮುಂದೆ ಕೇಳಿದವರಿಗೆಲ್ಲ ಅಲ್ಲಿಂದಲೇ ಎತ್ತಿ ಕೊಡುತ್ತದೆ. ಎರಡು ಸಾಲು ಸೇರಿಸಿದೆ. ಪುಟ ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆದುಕೊಳ್ಳತೊಡಗಿತು. ವ್ಯವಸ್ಥಾಪಕರು ಬೆನ್ನು ತಟ್ಟಿದರು.

ಅದರ ಕೈಪಿಡಿಯಲ್ಲಿ ಒಂದು ಎಚ್ಚರಿಕೆ ಇತ್ತು. ಈ ಕ್ಯಾಶ್ ಕೊಡುವುದು ದಾಖಲೆಯ ನಕಲನ್ನಲ್ಲ, ತಾನು ಇಟ್ಟುಕೊಂಡಿರುವ ಅದೇ ದಾಖಲೆಯನ್ನು. ತಿದ್ದುವುದಿದ್ದರೆ ನೀವೇ ನಕಲು ಮಾಡಿಕೊಳ್ಳಬೇಕು ಎಂದು. ಅದನ್ನು ನಾನು ಓದಿದ್ದೆ. ಓದಿರಲಿಲ್ಲ ಎಂದು ಹೇಳಲಾರೆ. ಆದರೆ ಒಟ್ಟು ಮಳೆಯನ್ನು ಲೆಕ್ಕ ಹಾಕುವ ನನ್ನ ಹಳೆಯ ಕೋಡು ಆ ದಿನದ ದಾಖಲೆಯನ್ನು ತೆಗೆದುಕೊಂಡು, ಅದರ ಮಳೆಯ ಅಂಕಿಗೇ ಹಿಂದಿನ ದಿನಗಳದ್ದನ್ನೆಲ್ಲ ಕೂಡಿಸಿ ತೋರಿಸುತ್ತಿತ್ತು. ಕ್ಯಾಶ್ ಇಲ್ಲದಿದ್ದಾಗ ಪ್ರತಿಸಲ ಹೊಸ ದಾಖಲೆ ಬರುತ್ತಿದ್ದುದರಿಂದ ತೊಂದರೆ ಇರಲಿಲ್ಲ. ಈಗ ಬರುತ್ತಿದ್ದುದು ಎಲ್ಲರಿಗೂ ಒಂದೇ ದಾಖಲೆ. ಯಾವ ರೈಟರ್ ಕೂಡ ಮಳೆ ಪುಸ್ತಕವನ್ನು ಹೊರಗೆ ಕೊಡುವುದಿಲ್ಲ, ಚೀಟಿಯಲ್ಲಿ ಬರೆದು ಕೊಡುತ್ತಾನೆ. ನಾನು ಪುಸ್ತಕವನ್ನೇ ಕೊಟ್ಟು, ಅದರ ಮೇಲೆಯೇ ಕೂಡಿಸಿದ್ದೆ.

ಫೆಬ್ರವರಿ ಕೊನೆ. ರೊಬಸ್ಟಾ ಕಾಫಿಯ ಮೊಗ್ಗು ಬಲಿತು ನೀರಿಗೆ ಕಾಯುವ ದಿನಗಳು. ಒಂದು ಇಂಚು ಮಳೆ ಬಿದ್ದರೆ ಹೂವು ಪೂರ್ತಿ ಅರಳುತ್ತದೆ. ಇಪ್ಪತ್ತು ಮೂವತ್ತು ಸೆಂಟ್ ಬಿದ್ದು ನಿಂತರೆ ಕಷ್ಟ. ಮೊಗ್ಗು ಎಚ್ಚರಗೊಂಡು, ನೀರು ಸಾಲದೆ, ಅರ್ಧಕ್ಕೇ ಒಣಗುತ್ತದೆ. ಆಗ ತಕ್ಷಣ ಸ್ಪ್ರಿಂಕ್ಲರ್ ಹಾಕಲೇಬೇಕು.

ಕಳಸದ ಕಡೆ ಎರಡು ಎಕರೆ ರೊಬಸ್ಟಾ ಇರುವ ನರ್ಸ್ ಒಬ್ಬರು ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ಅವರೂ ಸೇರಿ ಐದು ಮಂದಿ ಸಣ್ಣ ಬೆಳೆಗಾರರಿಗೆ ಹಳ್ಳದ ಬಳಿ ಒಂದೇ ಪಂಪು, ಒಂದೇ ಸೆಟ್ ಪೈಪು. ಸರದಿಯ ಪ್ರಕಾರ ಒಬ್ಬೊಬ್ಬರಿಗೆ ಮೂರು ದಿನ. ಸರದಿ ಬಿಟ್ಟವರು ಕೊನೆಗೆ ಹೋಗಬೇಕು. ಅವರ ಸರದಿಯ ಹಿಂದಿನ ಸಂಜೆ ಆ ಕಡೆ ಮಳೆ ಬಂತು. ಬೆಳಿಗ್ಗೆ ಡ್ಯೂಟಿಯ ಮಧ್ಯೆ ಅವರು ನಮ್ಮ ಪುಟ ತೆರೆದು, ತಮ್ಮ ಜಮೀನಿಗೆ ಅಂಟಿಕೊಂಡ ಎಸ್ಟೇಟಿನ ಅಂಕಿ ನೋಡಿದರು. ಒಂದು ಇಂಚು ಹತ್ತು ಸೆಂಟ್. ಪೈಪು ಮುಂದಿನವರಿಗೆ ಹೋಗಲಿ ಎಂದು ಹೇಳಿ ಕಳುಹಿಸಿದರು.

ಮೂರನೆಯ ದಿನ ರಜೆ ಸಿಕ್ಕಿ ತೋಟಕ್ಕೆ ಹೋದವರು ಅಲ್ಲಿಂದಲೇ ನನಗೆ ಫೋನ್ ಮಾಡಿದರು. ದನಿ ಏರಿಸಲಿಲ್ಲ.

“ಒಂದು ಇಂಚು ಬಿದ್ದ ನೆಲ ಹೀಗಿರುತ್ತಾ ಸರ್? ಕೈ ಹಾಕಿದ್ರೆ ಧೂಳು ಬರ್ತಿದೆ.”

ಎಸ್ಟೇಟಿನ ರೈಟರ್‌ಗೆ ಫೋನ್ ಮಾಡಿದೆ. ಪುಸ್ತಕ ತೆರೆದು ಓದಿದ: ಇಪ್ಪತ್ತೈದು ಸೆಂಟ್. ಡೇಟಾಬೇಸಿನಲ್ಲೂ ಇಪ್ಪತ್ತೈದೇ ಇತ್ತು. ಪುಟದಲ್ಲಿ ಆ ದಿನಾಂಕ ತೆರೆದು ಒಟ್ಟು ಮಳೆಯ ಗುಂಡಿ ಒತ್ತಿದೆ. ಒಂದು ಇಂಚು ತೊಂಬತ್ತೈದು. ಮತ್ತೆ ಒತ್ತಿದೆ. ಎರಡು ಇಂಚು ಎಂಬತ್ತು. ಮತ್ತೆ ಒತ್ತಿದರೆ ಮೂರು ಇಂಚು ಅರವತ್ತೈದು. ಹೊರಗೆ ರಸ್ತೆಯಲ್ಲಿ ಕಣ್ಣು ಕುಕ್ಕುವ ಬಿಸಿಲು. ಜನವರಿಯಲ್ಲಿ ಕುಯ್ಲಿನ ನಡುವೆ ಬಂದು ಹೋದ ಎಂಬತ್ತೈದು ಸೆಂಟ್ ಮಳೆ ನನ್ನ ಬೆರಳು ತಾಗಿದಾಗಲೆಲ್ಲ ಮತ್ತೆ ಬೀಳುತ್ತಿತ್ತು. ನರ್ಸ್ ಪುಟ ನೋಡಿದ ಆ ಬೆಳಿಗ್ಗೆ ಗುಂಡಿಯನ್ನು ಒತ್ತಿದ್ದು ಒಬ್ಬನೇ, ರೈಟರ್. ತಾನು ತುಂಬಿದ್ದು ಸರಿಯಿದೆಯೇ ಎಂದು ನೋಡಲು. ಅವನಿಗೆ ಎಲ್ಲ ಸರಿಯಾಗಿಯೇ ಕಂಡಿತ್ತು. ಕೆಟ್ಟದ್ದು ಅವನ ನಂತರ ನೋಡಿದವರಿಗೆ. ಬೇರೆ ಮಾಪಕಗಳ ಅಂಕಿಯೂ ಕೆಟ್ಟಿತ್ತಂತೆ. ಅಲ್ಲಿಯವರು ತಮ್ಮ ಮಾಪಕ ನೋಡಿಕೊಂಡು, ಪೇಪರ್‌ನವರಿಗೆ ತಲೆ ಕೆಟ್ಟಿದೆ ಎಂದು ನಕ್ಕು ಸುಮ್ಮನಾಗಿದ್ದರು.

ದಾಖಲೆಯ ನಕಲು ಮಾಡಿಕೊಳ್ಳುವ ಒಂದು ಸಾಲು ಸೇರಿಸಿದೆ. ಅಷ್ಟು ಸಾಕಾಯಿತು. ನನ್ನ ಮೇಲೆ ನನಗೇ ಸಿಟ್ಟು ಬಂದದ್ದು ಅದಕ್ಕೇ.

ತಿದ್ದುಪಡಿ ಅಚ್ಚಾಗಬೇಕು ಎಂದು ವ್ಯವಸ್ಥಾಪಕರಿಗೆ ಹೇಳಿದೆ. ವೆಬ್‌ಸೈಟಿನದಕ್ಕೆ ಪೇಪರಿನಲ್ಲಿ ಯಾಕೆ, ಸರಿಯಾಯಿತಲ್ಲ ಎಂದರು. ಒತ್ತಾಯಿಸಿದಾಗ, ತಾಂತ್ರಿಕ ಕಾರಣಗಳಿಂದ ಮಳೆ ವಿವರದಲ್ಲಿ ವ್ಯತ್ಯಾಸವಾಗಿದೆ ಎಂದು ಬರೆಯಿರಿ ಎಂದರು. ಇಷ್ಟು ವರ್ಷ ನಾನು ಆ ಎರಡು ಪದಗಳನ್ನು ಬೇರೆಯವರ ಪ್ರಕಟಣೆಗಳಲ್ಲಿ ಕಂಡಿದ್ದೇನೆ. ಕರೆಂಟು ಹೋದಾಗ, ಬಸ್ಸು ಬಾರದಿದ್ದಾಗ, ಫಲಿತಾಂಶ ತಡವಾದಾಗ. ಪ್ರತಿಸಲವೂ ಪೆನ್ನಿನಿಂದ ಅಡ್ಡಗೆರೆ ಎಳೆದು, ಏನಾಯಿತು ಎಂದು ಕೇಳಿ ಬರೆಸಿದ್ದೇನೆ. ನಮ್ಮ ಸರದಿ ಬಂದಾಗ ಅದೇ ಪದಗಳ ಹಿಂದೆ ಅಡಗಿಕೊಳ್ಳಬೇಕೆ?

ಅಷ್ಟರಲ್ಲಿ ನರ್ಸ್ ಪೈಪು ವಾಪಸ್ ಕೇಳಿದ್ದರು. ಐವರ ಗುಂಪಿನ ಹಿರಿಯರು ಒಪ್ಪಿರಲಿಲ್ಲ. ನಾನೇ ಆ ಹಿರಿಯರಿಗೆ ಫೋನ್ ಮಾಡಿ ನಡೆದದ್ದನ್ನು ವಿವರಿಸಿದೆ. ಕೊನೆಯವರೆಗೂ ಕೇಳಿಸಿಕೊಂಡರು.

“ಟರ್ನ್ ಬಿಟ್ಟೋರು ಕೊನೆಗೆ, ಅದನ್ನ ನಾನೊಬ್ಬ ಬದಲಾಯಿಸೋಕಾಗಲ್ಲ ಮಾರಾಯ್ರೆ,” ಎಂದರು. “ಆದ್ರೆ ಅವ್ರು ಬಿಟ್ಟಿದ್ದಲ್ಲ, ನೀವು ಬಿಡ್ಸಿದ್ದು ಅಂತ ನಿಮ್ಮ ಪೇಪರ್ನಲ್ಲೇ ಬರ್ಲಿ. ಅದನ್ನ ತೋರ್ಸಿ ಉಳಿದೋರ ಹತ್ರ ಮಾತಾಡ್ತೀನಿ.”

ತಾಂತ್ರಿಕ ಕಾರಣ ಎಂದು ಬರೆದರೆ ಆಗುತ್ತದೆಯೇ ಎಂದು ಕೇಳಿದೆ.

“ಅದು ಪಂಪು ಕೆಟ್ಟಾಗ ನಾವು ಹೇಳೋ ಮಾತು,” ಎಂದರು.

ನಮ್ಮಲ್ಲಿ ತಿದ್ದುಪಡಿಯ ಹೊಣೆ ಸಂಪಾದಕೀಯ ವಿಭಾಗದ್ದು, ವ್ಯವಸ್ಥಾಪಕರದ್ದಲ್ಲ. ಮರುದಿನದ ಪುಟಕ್ಕೆ ನಾನೇ ಬರೆದೆ: ಇಂಥ ದಿನ ಕಳಸ ಭಾಗದ ಈ ಎಸ್ಟೇಟಿನಲ್ಲಿ ಬಿದ್ದ ಮಳೆ ಇಪ್ಪತ್ತೈದು ಸೆಂಟ್. ನಮ್ಮ ವೆಬ್‌ಸೈಟ್ ಒಂದು ಇಂಚು ಹತ್ತು ಸೆಂಟ್ ಎಂದು ತೋರಿಸಿತು. ರೈಟರ್ ಕೊಟ್ಟ ಅಂಕಿ ಸರಿಯಾಗಿತ್ತು, ತಪ್ಪು ನಮ್ಮ ಪ್ರೋಗ್ರಾಮಿನದು. ಇದನ್ನು ನಂಬಿ ನೀರು ಹಾಯಿಸುವುದನ್ನು ಬಿಟ್ಟವರಿದ್ದರೆ ಅವರದು ತಪ್ಪಿಲ್ಲ.

ಪತ್ರಿಕೆ ತೋರಿಸಿದ ದಿನವೇ ಪೈಪು ತಿರುಗಿ ಬಂತು. ಆದರೆ ಅಷ್ಟರಲ್ಲಿ ಬಿಸಿಲಿಗೆ ಬಿದ್ದಿದ್ದ ಮೇಲಿನ ಎಕರೆಯ ಮೊಗ್ಗು ಮುಗಿದಿತ್ತು. ನೆರಳಿದ್ದ ಕೆಳಗಿನದಕ್ಕೆ ಮಾತ್ರ ನೀರು ಉಪಯೋಗಕ್ಕೆ ಬಂತು.

ಹೂವಾದ ದಿನ ಕಳಸದ ಬಸ್ಸು ಹತ್ತಿ ಹೋದೆ. ಇಳಿಜಾರಿನ ಕೆಳಗಿನ ಅರ್ಧ ಬೆಳ್ಳಗೆ, ಜೇನುನೊಣಗಳ ಸದ್ದು. ಮೇಲಿನ ಅರ್ಧದಲ್ಲಿ ಕಂದು ಮೊಗ್ಗುಗಳು. ನರ್ಸ್ ಗಿಡದ ಒಂದು ರೆಕ್ಕೆಯನ್ನು, ಅಂದರೆ ಅಡ್ಡಕೊಂಬೆಯನ್ನು, ಬಗ್ಗಿಸಿ ಹಿಡಿದರು, ಮುಟ್ಟಿದರೆ ಉದುರುತ್ತಿತ್ತು. ಬರುವ ವರ್ಷ ಇದರಲ್ಲಿ ಹಣ್ಣಿಲ್ಲ ಎಂದು ಮಾತ್ರ ಹೇಳಿದರು. ಎರಡೂ ಅರ್ಧ ಕಾಣುವಂತೆ ಫೋಟೋ ತೆಗೆದೆ. ಕಾಫಿ ಹೂವಿನ ಚಿತ್ರ ಬೇಕು ಎಂದು ಕಚೇರಿಯಿಂದ ಹೇಳಿದ್ದರು. ಮೇಲಿನ ಅರ್ಧ ಒಣಗಿದ್ದೇಕೆ ಎಂಬುದನ್ನು ಅಡಿಬರಹದಲ್ಲಿ ಬರೆದು ಕಳುಹಿಸಿದೆ.

ಮರುದಿನ ಮುಖಪುಟದಲ್ಲಿ ಬಂದದ್ದು ಕೆಳಗಿನ ಅರ್ಧ ಮಾತ್ರ. ಅಡಿಬರಹ: ಘಮಘಮಿಸುವ ಕಾಫಿ ಹೂವು.

ಬೆಳಿಗ್ಗೆ ನರ್ಸ್ ಫೋನ್ ಮಾಡಿದರು. “ಮೇಲಿನ ಎಕರೆ ಎಲ್ಲಿ ಹೋಯ್ತು ಸರ್? ಇದೂ ತಾಂತ್ರಿಕ ಕಾರಣವಾ?”

ಅಲ್ಲ, ಕತ್ತರಿಸಿದ್ದಾರೆ ಎಂದೆ. ಯಾರು ಎಂದು ಅವರು ಕೇಳಲಿಲ್ಲ. ಅದನ್ನು ಕೇಳಲು ನಾನು ವ್ಯವಸ್ಥಾಪಕರ ಕೋಣೆಗೆ ಹೋದೆ, ಕತ್ತರಿಸದ ಫೋಟೋವನ್ನು ಪ್ರಿಂಟ್ ತೆಗೆಸಿಕೊಂಡು.