ಅಕ್ಕನ ಮುಂದಿನ ಹಲ್ಲು

ಲವಂಗದೆಣ್ಣೆಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ತಪ್ಪಿತಸ್ಥನಂತೆ ಕೈಕಟ್ಟಿ ನಿಲ್ಲಬೇಕೆನಿಸುತ್ತದೆ. ಮೊನ್ನೆ ಸಹಕಾರನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ಹಾಗೇ ನಿಂತಿದ್ದೆ. ಒಳಗೆ ಅಕ್ಕ ಬಾಯಿ ತೆರೆದು ಮಲಗಿದ್ದಳು. ಅವಳ ಮೇಲಿನ ಮುಂದಿನ ಹಲ್ಲನ್ನು ಅವತ್ತು ಕೀಳಬೇಕಿತ್ತು. ಅದನ್ನು ಮೊದಲ ಸಲ ಕಿತ್ತವನು ನಾನು.

ಹೌದು ಸ್ವಾಮಿ, ನಾನೇ! ಆಗ ನಾವು ಮತ್ತಿಕೆರೆಯಲ್ಲಿದ್ದೆವು. ಅಕ್ಕನಿಗೆ ಹದಿನೆಂಟು, ನನಗೆ ಹದಿಮೂರು. ಇಬ್ಬರೂ ಒಂದೇ ಕಡೆ ನಿಂತು ಶಟಲ್ ಆಡುವಾಗ ಕಾಕ್ ಬಿಟ್ಟು ಅಕ್ಕನ ಬಾಯಿಗೇ ಬ್ಯಾಟು ಬೀಸಿದೆ. ನನ್ನ ಆಟವೇ ಅಂಥದ್ದು. ಹಲ್ಲು ಬೇರು ಸಮೇತ ಬೀದಿಗೆ ಬಿತ್ತು.

ನಮ್ಮಜ್ಜಿ ಏನು ಮಾಡಿದರು ಗೊತ್ತೇ? ಮಕ್ಕಳ ಹಲ್ಲು ಬಿದ್ದರೆ ಸಗಣಿಯುಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆಯುವುದು ಅವರ ಪದ್ಧತಿ. ಪಕ್ಕದ ಮನೆಯ ಹಸುವಿನ ದಯದಿಂದ ಸಗಣಿಗೇನೂ ಬರವಿರಲಿಲ್ಲ. ಹಾಲುಹಲ್ಲಿನ ಶಾಸ್ತ್ರವನ್ನು ಹದಿನೆಂಟರ ಹಲ್ಲಿಗೂ ಮಾಡಿಬಿಟ್ಟರು. "ಸುಮ್ಕಿರೇ, ಒಸದು ಬತ್ತದೆ!"

ಅಮ್ಮ ಫೋನ್ ಮಾಡಿದಾಗ ಹಲ್ಲಿನ ಡಾಕ್ಟರು ಕಿರುಚಿದ್ದು ನನಗೂ ಕೇಳಿಸಿತು. "ಹೊಸದು ಎಲ್ಲಿಂದ ಬರುತ್ತಮ್ಮಾ? ಅದನ್ನೇ ಹುಡುಕಿ! ಬೇರು ಮುಟ್ಬೇಡಿ, ಉಜ್ಜಬೇಡಿ, ಹಾಲಲ್ಲಿ ಹಾಕ್ಕೊಂಡು ಓಡ್ಬನ್ನಿ!"

ಸೂರು ಹತ್ತಿ ಸಗಣಿ ಕೆದಕಿದವನೂ ನಾನೇ. ಮಾಡಿದ್ದುಣ್ಣೋ ಮಹಾರಾಯ! ಡಾಕ್ಟರು ಹಲ್ಲನ್ನು ತೊಳೆದು, ಅದೇ ಕುಳಿಯಲ್ಲಿ ಕೂರಿಸಿ, ಅಕ್ಕಪಕ್ಕದ ಹಲ್ಲುಗಳಿಗೆ ತೆಳ್ಳನೆಯ ತಂತಿಯಿಂದ ಬಿಗಿದರು. "ರಾಗಿ ಪೈರು ನಾಟಿ ಮಾಡ್ದಂಗೆ ಮಾಡ್ಬುಟ್ರಲ್ಲ!" ಎಂದು ಅಜ್ಜಿ ಮೂಗಿನ ಮೇಲೆ ಬೆರಳಿಟ್ಟರು. ಆದರೆ ಡಾಕ್ಟರು ಇನ್ನೊಂದು ಮಾತೂ ಹೇಳಿದರು: "ಒಳಗೊಳಗೇ ಬೇರು ಕರಗಬಹುದು. ಎಷ್ಟು ವರ್ಷ ಇರುತ್ತೋ ಹೇಳಕ್ಕಾಗಲ್ಲ."

ಹಲ್ಲೇನೋ ಗಟ್ಟಿಯಾಯಿತು. ಆದರೆ ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದ ಅಕ್ಕ ಅಂದಿನಿಂದ ಅಂಗೈ ಅಡ್ಡ ಹಿಡಿದು, ತುಟಿ ಬಿಗಿದು ನಗತೊಡಗಿದಳು. ಎಲ್ಲಿ ಬಿದ್ದುಹೋಗುತ್ತದೋ ಎಂಬ ಭಯ. ಮದುವೆಯ ಆಲ್ಬಮ್ಮಿನಲ್ಲೂ ಅದೇ ಮುಖ. ಇಪ್ಪತ್ತು ವರ್ಷ ಅವಳೆದುರು ಒಂದು ಜೋಕು ಹೇಳಲು ಹೆದರಿದ್ದೇನೆ.

ಮೊನ್ನೆ ಹಲ್ಲು ತೆಗೆಸಿ, ಕಚ್ಚಿಕೊಂಡಿದ್ದ ಹತ್ತಿಯನ್ನೂ ಬಿಸಾಕಿದ ಮೇಲೆ ಇಬ್ಬರೂ ಆಟೋ ಹತ್ತಿದೆವು. ಕೊಡಿಗೇಹಳ್ಳಿ ಹತ್ತಿರ ಬಂದಾಗ ಕೊನೆಗೂ ಬಾಯಿಬಿಟ್ಟೆ. "ಸಾರಿ ಕಣೇ ಅಕ್ಕ. ಸ್ವಲ್ಪ ಲೇಟಾಯ್ತು."

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಒಂದು ನಗು ನಕ್ಕಳು ನೋಡಿ, ಬಾಯಿ ತುಂಬಾ, ಆಟೋದವನೇ ತಿರುಗಿ ನೋಡುವಂತೆ! ನಾನು ಹಳೆಯ ಅಭ್ಯಾಸದಿಂದ, "ಮೆಲ್ಲಗೆ ಕಣೇ, ಹಲ್ಲು!" ಎಂದೆ.

"ಇನ್ನೇನಿದೆಯೋ ಬೀಳಕ್ಕೆ?" ಎಂದು ಇನ್ನೂ ಜೋರಾಗಿ ನಕ್ಕಳು.